ಅತ್ತೆಯ ಬಳೆ ಮತ್ತು ಒಂದಕ್ಕೊಂದು ಬೋನಸ್

ಉಡುಪಿ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಷೇರು ಕೊಡಿಸುವ ಸಣ್ಣ ಆಫೀಸಿನ ಕೌಂಟರಿನಲ್ಲಿ ನಾನು ಹದಿನೇಳು ವರ್ಷದಿಂದ ಕೂತಿದ್ದೇನೆ. ಮೆಟ್ಟಿಲು ಹತ್ತಿ ಬರುವವರಲ್ಲಿ ಹೊಸಬರು ಯಾರು ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ಹಳಬರು ಷೇರಿನ ಬೆಲೆ ಬಿದ್ದ ದಿನ ಮನೆಯಲ್ಲೇ ಇರುತ್ತಾರೆ. ಹೊಸಬರು ಡಿವಿಡೆಂಡ್ ಬಂದ ದಿನ ಜಗಳಕ್ಕೆ ಬರುತ್ತಾರೆ. ದುಡ್ಡು ಹೋಯಿತೆಂದು ಜಗಳ ಮಾಡುವವರನ್ನು ಎಲ್ಲಿ ಬೇಕಾದರೂ ನೋಡಬಹುದು. ದುಡ್ಡು ಬಂತೆಂದು ಜಗಳ ಮಾಡುವವರನ್ನು ನೋಡಬೇಕಾದರೆ ನಮ್ಮಲ್ಲಿಗೇ ಬರಬೇಕು. ವಾರಕ್ಕೊಂದಾದರೂ ಇಂಥದ್ದು ಆಗದಿದ್ದರೆ ನಮ್ಮ ಧಣಿಗೆ ಹೊತ್ತೇ ಹೋಗುವುದಿಲ್ಲ. ಆಫೀಸಿನ ಯಜಮಾನರನ್ನು ನಾವು ಹಾಗೆ ಕರೆಯುವುದು.

ಬೇರೆಯವರ ಕತೆ ಹೇಳಿ ನಗುವುದು ಸುಲಭ. ಆದ್ದರಿಂದ ಮೊದಲು ನಮ್ಮ ಮನೆಯದ್ದನ್ನೇ ಹೇಳಿಬಿಡುತ್ತೇನೆ.

ಬಳೆ ಹೋದದ್ದು

ನಮ್ಮ ಮನೆ ಕಾಪುವಿನಲ್ಲಿ. ಇರುವುದು ಮೂರೇ ಜನ: ನಾನು, ನಮ್ಮವರು, ಅತ್ತೆ. ನಮ್ಮವರ ಲೆಕ್ಕದಲ್ಲಿ ಷೇರಿಗೂ ಕೋಳಿ ಅಂಕದ ಜೂಜಿಗೂ ವ್ಯತ್ಯಾಸ ಇಲ್ಲ. "ನೀನು ಸಂಬಳಕ್ಕೆ ಹೋಗುವುದು ಸರಿ. ಅದರ ಗಾಳಿ ಮನೆಯೊಳಗೆ ಬರುವುದು ಬೇಡ" ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದರು. ನಾನೂ ಒಂದೇ ಒಂದು ಷೇರು ತೆಗೆದುಕೊಂಡವಳಲ್ಲ.

ಒಂದು ಭಾನುವಾರ ಅತ್ತೆ ತೆಂಗಿನಕಾಯಿ ತುರಿಯುತ್ತಾ ಕೇಳಿದರು. "ಈ ಡಿವಿಡೆಂಡ್ ಅಂದರೆ ಎಂತ ಮಾರಾಯ್ತಿ?"

"ಕಂಪೆನಿಗೆ ಲಾಭ ಬಂದರೆ ಷೇರು ಇದ್ದವರಿಗೆ ಒಂದು ಪಾಲು ಕೊಡ್ತಾರೆ."

"ಅದಕ್ಕೆ ನಾವು ಎಂತ ಮಾಡಬೇಕು?"

"ಎಂತದೂ ಇಲ್ಲ. ಸುಮ್ಮನೆ ಇರಬೇಕು."

ಅತ್ತೆ ತುರಿಯುವುದನ್ನು ನಿಲ್ಲಿಸಿದರು. "ಹಾಗಾದರೆ ನಾನು ನಲವತ್ತು ವರ್ಷ ಬೆಳಗ್ಗೆ ಐದು ಗಂಟೆಗೆ ಎದ್ದದ್ದು ಯಾಕೆ?"

ಮರುವಾರ ಆಫೀಸಿಗೇ ಬಂದರು. ಕೈಯಲ್ಲಿ ಕರವಸ್ತ್ರದ ಗಂಟು. ಬಿಚ್ಚಿದರೆ ಅವರ ಎರಡು ಬಳೆ, ಮದುವೆಯಲ್ಲಿ ಅವರ ಅಮ್ಮ ಕೊಟ್ಟದ್ದು. "ಬೀರುವಿನಲ್ಲಿ ಇಟ್ಟರೆ ಇದು ಮರಿ ಹಾಕ್ತದಾ?" ಎಂದು ಕೇಳಿದರು. ಬೇಡ ಎಂದು ಮೂರು ಸಲ ಹೇಳಿದೆ. ಬೆಲೆ ಇಳಿಯಬಹುದು ಎಂದೆ, ಡಿವಿಡೆಂಡ್ ಕೊಡಲೇಬೇಕೆಂಬ ಕಾನೂನಿಲ್ಲ ಎಂದೆ. "ಊರಿನವರಿಗೆಲ್ಲ ದಿನಾ ಕೊಡಿಸ್ತೀ, ನನಗೆ ಮಾತ್ರ ಆಗುವುದಿಲ್ವಾ?" ಎಂದರು. ಸೊಸೆಯಾದ ನಾನು ಖಾತೆ ತೆರೆಯುವ ಫಾರ್ಮು ಹೊರಗೆ ತೆಗೆದೆ.

ಬಳೆ ಮಾರಿ ಪಂಪ್‌ಸೆಟ್ಟು ತಯಾರಿಸುವ ಒಂದು ಕಂಪೆನಿಯ ಷೇರು ತೆಗೆದುಕೊಂಡರು. ಕಾರಣ, ನಮ್ಮ ಬಾವಿಗೆ ಇಳಿಸಿದ ಪಂಪು ಅದೇ ಕಂಪೆನಿಯದ್ದು, ಹನ್ನೆರಡು ವರ್ಷದಿಂದ ಒಂದು ದಿನವೂ ಕೆಟ್ಟದ್ದಿಲ್ಲ. ನಮ್ಮ ಧಣಿ ದಿನವಿಡೀ ಲೆಕ್ಕಪತ್ರ ನೋಡಿ ಷೇರು ಆರಿಸುತ್ತಾರೆ, ಅವರಿಗೂ ಇಷ್ಟು ಗಟ್ಟಿ ಕಾರಣ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹಿಂದೆ ಬರುವಾಗ ಅತ್ತೆ ಅದೇ ನಮೂನೆಯ, ಹಿತ್ತಾಳೆಗೆ ಬಂಗಾರದ ಬಣ್ಣ ಕೊಟ್ಟ ಎರಡು ಒನ್ ಗ್ರಾಂ ಗೋಲ್ಡ್ ಬಳೆ ಕೊಂಡು ಕೈಗೆ ಹಾಕಿಕೊಂಡರು.

ನಮ್ಮವರಿಗೆ ಗೊತ್ತಾಗುವ ಭಯ ಇರಲಿಲ್ಲ. ಅಮ್ಮನ ಕೈಯಲ್ಲಿ ಬಳೆ ಉಂಟೋ ಇಲ್ಲವೋ ಎಂದು ನೋಡುವ ಜಾತಿಯ ಗಂಡಸು ಅವರಲ್ಲ. ಭಯ ಇದ್ದದ್ದು ಕಾರ್ಕಳದ ಚಿಕ್ಕಮ್ಮನದ್ದು, ಅಂದರೆ ಅತ್ತೆಯ ತಂಗಿ. ಅವರಿಗೂ ಅಮ್ಮ ಅದೇ ನಮೂನೆಯ ಜೋಡಿ ಕೊಟ್ಟಿದ್ದರು. ಯಾವ ಸಮಾರಂಭದಲ್ಲಿ ಸಿಕ್ಕಿದರೂ ಅಕ್ಕನ ಎರಡೂ ಕೈ ಹಿಡಿದು, ಬಳೆಯನ್ನು ತಿರುಗಿಸಿ, ಬೆರಳಲ್ಲೇ ತೂಕ ನೋಡಿ, ಆಮೇಲೆ "ಸೌಖ್ಯವಾ ಅಕ್ಕ?" ಎಂದು ಕೇಳುವವರು. ಅವರ ಮಗಳಿಗೆ ಗಂಡು ಹುಡುಕುತ್ತಿದ್ದರು.

"ಆ ಮದುವೆಯ ಮೊದಲು ನನ್ನ ಬಳೆ ಕೈಗೆ ಬರಬೇಕು" ಎಂದರು ಅತ್ತೆ. "ಅವಳಿಗೆ ಗೊತ್ತಾದರೆ ಕಾರ್ಕಳದಿಂದ ಕಾಪುವಿಗೆ ಬಸ್ಸಿಗಿಂತ ಮೊದಲು ಸುದ್ದಿ ಮುಟ್ತದೆ."

ಮುಟ್ಟುವುದು ಎಲ್ಲಿಗೆ? ನಮ್ಮವರ ಕಿವಿಗೆ. ಅಮ್ಮ ತಾನಾಗಿಯೇ ಮಾರಿದ್ದು ಎಂದರೆ ಯಾರು ನಂಬುತ್ತಾರೆ? ಅತ್ತೆಯ ಬಳೆ ಮಾರಿಸಿದ ಸೊಸೆ ಎಂಬ ಹೆಸರು ಒಮ್ಮೆ ಅಂಟಿದರೆ ತೊಳೆದರೆ ಹೋಗುವಂಥದ್ದಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅತ್ತೆಗೆ ಎಂತದೂ ಆಗಲಿಲ್ಲ. ಮರುದಿನದಿಂದ ಬೆಳಗ್ಗೆ ಆರೂವರೆಗೆ ಏಳತೊಡಗಿದರು.

ಮುನ್ನೂರು ಪರ್ಸೆಂಟ್

ಕಾರ್ಕಳದಿಂದ ಒಬ್ಬರು ನಿವೃತ್ತ ಮಾಷ್ಟ್ರು ಬಂದರು. ಗಣಿತದ ಮಾಷ್ಟ್ರು. ಕೈಯಲ್ಲಿ ಪೇಪರಿನ ತುಂಡು, ಇನ್ನೊಂದು ಕೈಯಲ್ಲಿ ಎರಡು ಗೆರೆಯ ನೋಟ್ ಪುಸ್ತಕ. ಪೇಪರಿನಲ್ಲಿ 'ಷೇರುದಾರರಿಗೆ ಶೇಕಡಾ ಮುನ್ನೂರು ಡಿವಿಡೆಂಡ್' ಎಂದಿತ್ತು. ಅದನ್ನು ನೋಡಿಯೇ ಮಾಷ್ಟ್ರು ಸಾವಿರ ರೂಪಾಯಿಯ ಹಾಗೆ ಹತ್ತು ಷೇರು ತೆಗೆದುಕೊಂಡಿದ್ದರು. ಹತ್ತು ಸಾವಿರಕ್ಕೆ ಮುನ್ನೂರು ಪರ್ಸೆಂಟ್, ಮೂವತ್ತು ಸಾವಿರ. ಪುಸ್ತಕದಲ್ಲಿ ಹಂತ ಹಂತವಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಬ್ಯಾಂಕಿಗೆ ಬಂದದ್ದು ಅರವತ್ತು ರೂಪಾಯಿ.

"ಉಳಿದ ಇಪ್ಪತ್ತೊಂಬತ್ತು ಸಾವಿರದ ಒಂಬೈನೂರ ನಲವತ್ತು ಎಲ್ಲಿ?" ಎಂದು ಕೇಳಿದರು. ಅವರ ಎದುರು ನಿಂತ ನನಗೆ ಹೋಂವರ್ಕ್ ಮಾಡದೆ ಬಂದ ಹಾಗಾಯಿತು.

"ಮಾಷ್ಟ್ರೇ, ಆ ಪರ್ಸೆಂಟ್ ಲೆಕ್ಕ ಷೇರಿನ ಮುಖಬೆಲೆಯ ಮೇಲೆ. ಈ ಕಂಪೆನಿಯದ್ದು ಎರಡು ರೂಪಾಯಿ. ಅದರ ಮೂರು ಪಟ್ಟು ಆರು. ಹತ್ತು ಷೇರಿಗೆ ಅರವತ್ತು."

"ನಾನು ಕೊಟ್ಟದ್ದು ಸಾವಿರ ಅಲ್ವಾ?"

"ಅದು ಪೇಟೆಯ ಬೆಲೆ."

"ಹಾಗಿದ್ದರೆ ಪೇಪರಿನಲ್ಲಿ ಷೇರಿಗೆ ಆರು ರೂಪಾಯಿ ಅಂತ ಹಾಕಬಹುದಿತ್ತಲ್ಲ?"

ಧಣಿ ಒಳಗಿನಿಂದಲೇ ಹೇಳಿದರು. "ಹಾಗೆ ಹಾಕಿದ್ದರೆ ನೀವು ಬರ್ತಿದ್ರಾ ಮಾಷ್ಟ್ರೇ?"

ಮಾಷ್ಟ್ರು ಪುಸ್ತಕವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದರು. ಕಾರ್ಕಳದಿಂದ ಬಂದುಹೋಗುವ ಬಸ್ಸಿನ ಟಿಕೆಟಿಗೇ ಆ ಅರವತ್ತು ಸಾಲುವುದಿಲ್ಲ. ಆದರೂ ಸೋಲುವ ಪೈಕಿ ಅಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ತನ್ನ ಲೆಕ್ಕಕ್ಕೆ ತಾನೇ ಹತ್ತರಲ್ಲಿ ಒಂಬತ್ತು ಮಾರ್ಕು ಕೊಟ್ಟರು. "ಮಾಡಿದ ಕ್ರಮ ಸರಿ ಉಂಟು. ಪ್ರಶ್ನೆ ಕೊಟ್ಟವ ಸರಿ ಇಲ್ಲ" ಎಂದು ಮೆಟ್ಟಿಲಿಳಿದು ಹೋದರು.

ಇದನ್ನು ಮನೆಯಲ್ಲಿ ಅತ್ತೆಗೆ ಹೇಳಿದೆ, ನಮ್ಮವರು ಇಲ್ಲದ ಹೊತ್ತು ನೋಡಿ. ಅತ್ತೆ ನಗಲಿಲ್ಲ. "ನಮ್ಮದು ಎಷ್ಟು ಕೊಡ್ತದೆ?" ಎಂದರು. ಪರ್ಸೆಂಟ್ ಹೇಳಿದೆ. "ಪರ್ಸೆಂಟ್ ಬೇಡ, ಬಳೆಯಲ್ಲಿ ಹೇಳು."

ಲೆಕ್ಕ ಹಾಕಿ ನೋಡಿದೆ. ಡಿವಿಡೆಂಡನ್ನೇ ಕೂಡಿಸಿ ಬಳೆ ತೆಗೆಯುವುದಾದರೆ, ಚಿಕ್ಕಮ್ಮನ ಮಗಳ ಮೊಮ್ಮಗಳ ಮದುವೆಗೆ ಒಂದು ಬರಬಹುದಿತ್ತು.

ಮಹಾಸಭೆ

ನಮ್ಮ ಕಡೆಯವರು ಡಿವಿಡೆಂಡ್ ಎಂಬ ಶಬ್ದವನ್ನು ಮೊದಲು ಕಲಿಯುವುದು ಷೇರು ಪೇಟೆಯಲ್ಲಿ ಅಲ್ಲ, ಊರಿನ ಸಹಕಾರಿ ಸೊಸೈಟಿಯಲ್ಲಿ. ವರ್ಷಕ್ಕೊಮ್ಮೆ ಮಹಾಸಭೆ. ಸಭೆಗೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಿದರೆ ಡಿವಿಡೆಂಡ್, ಒಂದು ಲಾಡಿನ ಪ್ಯಾಕೆಟ್, ಸೊಸೈಟಿಗೆ ಲಾಭ ಚೆನ್ನಾಗಿದ್ದರೆ ಒಂದು ಸ್ಟೀಲಿನ ಡಬ್ಬಿ, ಮಧ್ಯಾಹ್ನಕ್ಕೆ ಊಟ. ಅಧ್ಯಕ್ಷರು ಎಂತ ಹೇಳಿದರು ಎಂದು ಯಾರಿಗೂ ನೆನಪಿರುವುದಿಲ್ಲ, ಪಾಯಸ ಯಾವುದಿತ್ತು ಎಂದು ಎಲ್ಲರಿಗೂ ನೆನಪಿರುತ್ತದೆ.

ಬಜಗೋಳಿಯ ಒಬ್ಬರು ರಬ್ಬರ್ ತೋಟದವರು ನಮ್ಮಲ್ಲಿ ಐದು ಷೇರು ತೆಗೆದುಕೊಂಡಿದ್ದರು. ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಆಫೀಸಿಗೆ ಬಂದು ಒಂದು ಕುರ್ಚಿಯಲ್ಲಿ ಕೂತರು. ಎಂತ ಬೇಕಿತ್ತು ಎಂದು ಕೇಳಿದೆ. "ನೀವು ನಿಮ್ಮ ಕೆಲಸ ಮಾಡಿ. ನನಗೆ ಅವಸರ ಇಲ್ಲ" ಎಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಮತ್ತೆ ಕೇಳಿದಾಗ ಫೋನು ತೋರಿಸಿದರು. ಕಂಪೆನಿಯ ವಾರ್ಷಿಕ ಮಹಾಸಭೆಯ ನೋಟಿಸು, ಅದೇ ದಿನದ್ದು.

"ಸಭೆ ಇಲ್ಲಿಯೇ ಅಲ್ವಾ? ಷೇರು ಕೊಟ್ಟದ್ದು ನೀವೇ ಅಲ್ವಾ?"

"ಅದು ಇಲ್ಲಿ ಅಲ್ಲ. ಆನ್‌ಲೈನಿನಲ್ಲಿ. ಬೆಳಗ್ಗೆಯೇ ಮುಗಿಯಿತು."

"ಮುಗಿಯಿತಾ? ಊಟ?"

ಧಣಿ ಹೊರಗೆ ಬಂದು ವಿಷಯ ಕೇಳಿದರು. ಬಜಗೋಳಿಯಿಂದ ಎರಡು ಬಸ್ಸು ಹತ್ತಿ ಬಂದ ಮನುಷ್ಯನನ್ನು ಹಾಗೆಯೇ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಕೊಡಿಸಿದರು. ನಮ್ಮ ಹಳೆ ಗಿರಾಕಿಗಳಿಗೆ ದೀಪಾವಳಿಗೆ ಕೊಟ್ಟು ಉಳಿದಿದ್ದ ಒಂದು ಸ್ಟೀಲಿನ ಡಬ್ಬಿಯೂ ಇತ್ತು, ಅದನ್ನೂ ಕೊಟ್ಟೆವು.

"ಕಂಪೆನಿ ಒಳ್ಳೆಯದುಂಟು" ಎಂದರು ಹೋಗುವಾಗ. ಮರುವರ್ಷ ಅದೇ ದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಅವರ ಹೆಸರಿನಲ್ಲೂ ಒಂದು ಷೇರು ತೆಗೆದುಕೊಂಡ ಮೇಲೆಯೇ ಊಟಕ್ಕೆ ಇಳಿದದ್ದು.

ಅಂಜಲ್

ಮಣಿಪಾಲದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಲೋಕದಲ್ಲಿ ಯಾರಿಗೂ ಹೊಳೆಯದ ಉಪಾಯ ಕಂಡುಹಿಡಿದಿದ್ದ. ಡಿವಿಡೆಂಡಿಗೆ ಗೊತ್ತುಮಾಡಿದ ದಿನದ ಹಿಂದಿನ ದಿನ ಷೇರು ತೆಗೆದುಕೊಳ್ಳುವುದು, ಮರುದಿನ ಮಾರುವುದು. ಷೇರಿನ ದುಡ್ಡು ಹಿಂದೆ ಬಂತು, ಡಿವಿಡೆಂಡ್ ಪುಕ್ಕಟೆ. ಅಪ್ಪ ಹಾಸ್ಟೆಲಿಗೆ ಕಳಿಸಿದ ಫೀಸನ್ನೇ ಹಾಕಿದ್ದ. ಷೇರಿಗೆ ಇಪ್ಪತ್ತು ರೂಪಾಯಿ ಡಿವಿಡೆಂಡ್ ಸಿಗುವುದಿತ್ತು. ಮರುದಿನ ಬೆಳಗ್ಗೆ ನೋಡಿದರೆ ಷೇರಿನ ಬೆಲೆ ಇಪ್ಪತ್ತು ರೂಪಾಯಿ ಇಳಿದಿತ್ತು.

"ಮೇಡಂ, ಇದು ಮೋಸ. ಯಾರೋ ಮಧ್ಯದಲ್ಲಿ ಹೊಡೆದಿದ್ದಾರೆ" ಎಂದು ಕೌಂಟರಿನಲ್ಲಿ ನಿಂತು ಕೂಗಾಡಿದ.

ಕಂಪೆನಿಯ ಗಲ್ಲಾಪೆಟ್ಟಿಗೆಯಿಂದ ಅಷ್ಟು ದುಡ್ಡು ಹೊರಗೆ ಹೋಯಿತಲ್ಲ, ಆದ್ದರಿಂದ ಷೇರಿನ ಬೆಲೆಯೂ ಅಷ್ಟೇ ಇಳಿಯಿತು ಎಂದು ಹೇಳಿದೆ. ಬೋರ್ಡಿನಲ್ಲಿ ಬರೆದು ತೋರಿಸಿದೆ. ಅವನಿಗೆ ಮೋಸವೇ ಕಾಣುತ್ತಿತ್ತು. ಆಗ ಅಲ್ಲಿ ಇನ್ನೊಬ್ಬರು ಕೂತಿದ್ದರು. ಸಂತೆಕಟ್ಟೆಯಲ್ಲಿ ಮೀನು ಮಾರುವ ಅಕ್ಕ, ನಮ್ಮ ಹಳೆ ಗಿರಾಕಿ. ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಎದ್ದು ಬಂದರು.

"ಮಗಾ, ನೀನು ಅಂಜಲ್ ಮೀನು ತಗೊಳ್ತೀ ಅಂತ ಇಟ್ಟುಕೋ. ಎರಡು ಕಿಲೋ. ತೂಕ ಮಾಡಿ ದುಡ್ಡು ಕೊಟ್ಟೆ. ಆಮೇಲೆ ನಾನು ತಲೆ, ಕರುಳು ತೆಗೆದು ಕ್ಲೀನ್ ಮಾಡಿ ಕೊಟ್ಟೆ. ತಲೆಯನ್ನೂ ನಿನ್ನ ಚೀಲಕ್ಕೇ ಹಾಕಿದ್ದೇನೆ, ಸಾರಿಗೆ. ಈಗ ಬರೀ ತುಂಡನ್ನು ತೂಕಕ್ಕೆ ಇಟ್ಟು ಕಡಿಮೆ ಬಂತು, ಮೋಸ ಅಂದರೆ ಹೇಗೆ? ತಲೆ ನಿನ್ನ ಹತ್ತಿರವೇ ಉಂಟಲ್ಲ?"

ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ. ಧಣಿ ಒಳಗಿನಿಂದ ಓಡಿ ಬಂದರು. ಇಪ್ಪತ್ತು ವರ್ಷದಿಂದ ತನಗೆ ಹೇಳಲು ಬಾರದ್ದನ್ನು ಆ ಅಕ್ಕ ಒಂದೇ ಉಸಿರಿಗೆ ಹೇಳಿದ್ದಕ್ಕೆ ಅವರಿಗೆ ಖುಷಿಯೋ ಖುಷಿ. ಅವತ್ತಿನಿಂದ ಬಂದವರಿಗೆಲ್ಲ ಅಂಜಲ್‌ನ ಪಾಠವೇ. ರಥಬೀದಿಯ ಒಬ್ಬರು ಭಟ್ಟರಿಗೂ ಅದನ್ನೇ ಶುರು ಮಾಡಿದರು. ಕರುಳು ತೆಗೆಯುವಲ್ಲಿಗೆ ಬರುವಾಗ ಭಟ್ಟರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಈಗ ನಮ್ಮ ಆಫೀಸಿನಲ್ಲಿ ಈ ಪಾಠ ಎರಡು ರೀತಿಯದ್ದುಂಟು. ಮೊದಲು "ಮೀನು ತಿನ್ತೀರಾ?" ಎಂದು ಕೇಳುತ್ತೇವೆ. ತಿನ್ನುವವರಿಗೆ ಅಂಜಲ್, ತಿನ್ನದವರಿಗೆ ಹಲಸಿನ ಹಣ್ಣು.

ಒಂದಕ್ಕೊಂದು

ಎರಡು ವರ್ಷ ಕಳೆಯಿತು, ಒಂದೊಂದು ನೆಪ ಹೇಳಿ ಅತ್ತೆ ಯಾವ ಸಮಾರಂಭಕ್ಕೂ ಹೋಗಲಿಲ್ಲ. ಚಿಕ್ಕಮ್ಮನ ಮಗಳಿಗೆ ಗಂಡು ಸಿಕ್ಕಿತು, ಮದುವೆಯ ದಿನ ನಿಶ್ಚಯವಾಯಿತು. ಆಗಲೇ ಪಂಪ್‌ಸೆಟ್ಟಿನ ಕಂಪೆನಿಯವರು ಬೋನಸ್ ಘೋಷಿಸಿದರು. ಡಿವಿಡೆಂಡನ್ನು ದುಡ್ಡಿನಲ್ಲಿ ಕೊಡುವ ಬದಲು ಷೇರನ್ನೇ ಕೊಡುವುದು. ಒಂದಕ್ಕೆ ಒಂದು. ನೂರು ಇದ್ದವರಿಗೆ ಇನ್ನೂ ನೂರು.

"ಅಂದರೆ ಬಳೆ ನಾಲ್ಕಾಗ್ತದೆ!" ಎಂದರು ಅತ್ತೆ.

ಷೇರು ಎರಡಾದಾಗ ಒಂದೊಂದರ ಬೆಲೆ ಅರ್ಧ ಆಗುತ್ತದೆ, ಒಟ್ಟು ಅಷ್ಟೇ ಇರುತ್ತದೆ, ಈಗಲೇ ಮಾರಿ ಬಳೆ ತೆಗೆದುಬಿಡುವ ಎಂದು ಹೇಳಿದೆ. ಅತ್ತೆ ಕೇಳಲಿಲ್ಲ. "ಬೋನಸ್ ಬರುವಾಗ ಮಾರುವ ಮಳ್ಳಿ ಯಾರು?" ಎಂದರು. ಸಾಲದ್ದಕ್ಕೆ, ಬಂಗಾರದ ಅಂಗಡಿಗೆ ಹೋಗಿ ನಾಲ್ಕು ಬಳೆಗೆ ಮಜೂರಿ ಎಷ್ಟು ಎಂದು ವಿಚಾರಿಸಿ ಬಂದರು.

ಮದುವೆಗೆ ಹತ್ತು ದಿನ ಇರುವಾಗ ಬೋನಸ್ಸಿನ ದಿನ ಬಂತು. ಅವತ್ತು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಿನಲ್ಲಿ ಜನ. ಬೆಲೆ ಬೆಳಗ್ಗೆಯೇ ಅರ್ಧ ಆಗುತ್ತದೆ. ಹೊಸ ಷೇರು ಖಾತೆಗೆ ಬರಲು ಎರಡು ದಿನ ಬೇಕು. ಆ ಎರಡು ದಿನ ಫೋನು ತೆರೆದು ನೋಡಿದರೆ ಅರ್ಧ ದುಡ್ಡು ಮಂಗಮಾಯ.

ಮೊದಲು ಒಳಗೆ ಬಂದದ್ದು ಟೈಲ್ಸ್ ಹಾಕುವ ಒಬ್ಬರು ಮೇಸ್ತ್ರಿ. ಬಾಗಲಕೋಟೆ ಕಡೆಯವರು, ಇಲ್ಲಿಗೆ ಕೆಲಸಕ್ಕೆ ಬಂದು ಹತ್ತು ವರ್ಷವಾಯಿತು. "ಅಕ್ಕಾರ, ನಿನ್ನಿ ಇದ್ದ ರೊಕ್ಕ ಇವತ್ತ ಅರ್ಧಾ ಆಗೇತಿ ನೋಡ್ರಿ" ಎಂದು ಫೋನು ನನ್ನ ಮುಖಕ್ಕೇ ಹಿಡಿದರು.

ಧಣಿ ಆಗಲೇ ಸಿದ್ಧರಾಗಿದ್ದರು. ಕೆಳಗಿನ ಹೋಟೆಲಿನಿಂದ ಒಂದು ಕಾಫಿ ಮತ್ತು ಒಂದು ಖಾಲಿ ಗ್ಲಾಸು ತರಿಸಿ, ಎಲ್ಲರ ಎದುರು ಅರ್ಧರ್ಧ ಮಾಡಿದರು. "ಇದು ಬೈಟು ಕಾಫಿ. ಕಾಫಿ ಹೆಚ್ಚಾಯ್ತಾ? ಇಲ್ಲ. ಕಡಿಮೆ ಆಯ್ತಾ? ಇಲ್ಲ. ಗ್ಲಾಸು ಎರಡಾಯ್ತು. ಬೋನಸ್ ಅಂದರೆ ಇಷ್ಟೇ."

ಮೇಸ್ತ್ರಿ ತಲೆಯಾಡಿಸಿದರು. "ತಿಳೀತ್ರಿ. ಆದರ ನನ್ನ ಫೋನಿನ್ಯಾಗ ಒಂದ ಗ್ಲಾಸ್ ಅಷ್ಟ ಕಾಣ್ತೈತಿ. ಇನ್ನೊಂದ ಎಲ್ಲೈತ್ರಿ?"

"ಇನ್ನೊಂದು ಎರಡು ದಿನ ಬಿಟ್ಟು ಬರ್ತದೆ."

ಮೇಸ್ತ್ರಿ ಗ್ಲಾಸಿನ ಕಡೆ ನೋಡಿದರು, ಧಣಿಯ ಕಡೆ ನೋಡಿದರು. "ಅಷ್ಟರಾಗ ಆರಿ ತಣ್ಣಗ ಆಗಿರತೈತಲ್ರೀ ಸಾಹೇಬ್ರ?"

ಅವತ್ತು ಸಂಜೆಯೊಳಗೆ ಧಣಿ ಹದಿನಾಲ್ಕು ಜನರಿಗೆ ಈ ಪಾಠ ಮಾಡಿದರು. ಗಿರಾಕಿಗಳು ಯಾರೂ ಸಿಟ್ಟಿನಲ್ಲಿ ಕಾಫಿ ಮುಟ್ಟಲಿಲ್ಲ. ಅಷ್ಟನ್ನೂ ಧಣಿಯೇ ಕುಡಿದು, ಮರುದಿನ ಎದೆಯುರಿ ಎಂದು ರಜೆ ಹಾಕಿದರು.

ಹರಕೆ

ಬೋನಸ್ಸಿನ ದಿನ ಮನೆಗೆ ಬಂದರೆ ಅತ್ತೆ ಫೋನಿನಲ್ಲಿ ಷೇರಿನ ಬೆಲೆ ನೋಡಿಕೊಂಡು ಜಗಲಿಯಲ್ಲಿ ಕೂತಿದ್ದರು. ಎದುರಿಗೆ ನಮ್ಮವರು ಪೇಪರ್ ಓದುತ್ತಿದ್ದರು. ಮಾತಾಡುವ ಹಾಗಿಲ್ಲ. ಅತ್ತೆ ನನ್ನನ್ನು ನೋಡಿ ಎಡಗೈಯ ಬಳೆ ತೆಗೆದು ನೆಲದಲ್ಲಿಟ್ಟರು. ಅರ್ಧ ಹೋಯಿತು ಎಂದು ಅರ್ಥ. ನಾನು ಎರಡು ಬೆರಳು ತೋರಿಸಿದೆ, ಎರಡು ದಿನದಲ್ಲಿ ಬರುತ್ತದೆ ಎಂದು. ಅತ್ತೆ ಬಲಗೈಯದ್ದನ್ನೂ ತೆಗೆದಿಟ್ಟರು. ಎರಡೂ ಹೋಯಿತು ಎಂದುಕೊಂಡದ್ದು.

"ಬಳೆ ಯಾಕೆ ತೆಗೆದಿ ಅಮ್ಮ?" ಎಂದರು ನಮ್ಮವರು, ಜೀವಮಾನದಲ್ಲಿ ಮೊದಲ ಸಲ ಗಮನಿಸಿ.

"ಸೆಕೆ ಮಗಾ" ಎಂದರು ಅತ್ತೆ.

ಅಡುಗೆ ಮನೆಯಲ್ಲಿ ನಾನು ಅಂಜಲ್ ಹೇಳಿದೆ, ಹಲಸಿನ ಹಣ್ಣು ಹೇಳಿದೆ, ಬೈಟು ಕಾಫಿ ಮಾಡಿಯೂ ತೋರಿಸಿದೆ. ಅತ್ತೆ ಕಾಫಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿ, "ನಾನು ಆಗಲೇ ಕೊರಗಜ್ಜನಿಗೆ ಹರಕೆ ಹೇಳಿ ಆಯ್ತು. ಚಕ್ಕುಲಿ, ವೀಳ್ಯ" ಎಂದರು. ನಮ್ಮ ಕಡೆ ವಸ್ತು ಕಳೆದುಹೋದರೆ ಎಲ್ಲರೂ ಈ ದೈವಕ್ಕೆ, ಅಜ್ಜನಿಗೆ, ಹೇಳಿಕೊಳ್ಳುವುದೇ. ದನ, ಪರ್ಸು, ಬೈಕಿನ ಕೀ, ಎಲ್ಲ ಸಿಕ್ಕಿದ್ದುಂಟು. ಬೋನಸ್ ಷೇರು ಹುಡುಕಿಕೊಡು ಎಂದು ಹೇಳಿಕೊಂಡದ್ದು ಇದೇ ಮೊದಲಿರಬೇಕು.

ಎರಡು ದಿನಕ್ಕೆ ಸರಿಯಾಗಿ ಷೇರು ಬಂತು. "ಹೇಗಿದ್ದರೂ ಬರುವುದೇ ಇತ್ತು ಅತ್ತೆ" ಎಂದೆ.

"ಬರ್ತದೆ ಅಂತ ಹೇಳಿದ್ದು ನೀನು. ತಂದು ಕೊಟ್ಟದ್ದು ಅಜ್ಜ" ಎಂದರು.

ಹರಕೆ ತೀರಿಸಲು ಅತ್ತೆಯ ಜೊತೆ ಅಜ್ಜನ ಕಟ್ಟೆಗೆ ಹೋದೆ. ನಮ್ಮ ಮುಂದೆ ಸಾಲಿನಲ್ಲಿ ನಿಂತವರ ಬೆನ್ನು ಎಲ್ಲೋ ನೋಡಿದ ಹಾಗಿತ್ತು. ತಿರುಗಿದಾಗ ನೋಡಿದರೆ ನಮ್ಮ ಧಣಿ.

"ನೀವೆಂತ ಇಲ್ಲಿ?" ಎಂದೆ.

"ಸುಮ್ಮನೆ. ಹೀಗೆ ಹೋಗುವಾಗ" ಎಂದರು. ಅವರದ್ದೂ ಅದೇ ಕಂಪೆನಿಯ ಷೇರು ಇತ್ತೆಂದು ಆಗ ನನಗೆ ನೆನಪಾಯಿತು. ಕೈಯಲ್ಲಿ ಚಕ್ಕುಲಿ ಪ್ಯಾಕೆಟ್ ಎರಡು ಇತ್ತು. ಹೇಳಿಕೊಂಡದ್ದು ಒಂದಂತೆ, ಒಂದಕ್ಕೊಂದು ಬೋನಸ್ ಸೇರಿಸಿ ತಂದಿದ್ದರು.

ಬಳೆ ಬಂದದ್ದು

ಷೇರನ್ನೆಲ್ಲ ಮಾರಿ, ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚೇ ದುಡ್ಡು ಹಿಡಿದುಕೊಂಡು, ಅತ್ತೆ ಮತ್ತು ನಾನು ಬಂಗಾರದ ಅಂಗಡಿಗೆ ಹೋದೆವು. ಅಂಗಡಿಯವರು ಆ ದಿನದ ರೇಟು ಹೇಳಿದರು. ನಾವಿಬ್ಬರೂ ಬೆಂಚಿನಲ್ಲಿ ಕೂತೆವು.

ನಾನು ಈ ಎರಡು ವರ್ಷ ದಿನಕ್ಕೆ ಹತ್ತು ಸಲ ಷೇರಿನ ಬೆಲೆ ನೋಡಿದ್ದೆ. ಬಂಗಾರದ್ದು ಒಂದು ಸಲವೂ ನೋಡಿರಲಿಲ್ಲ. ಪಂಪ್‌ಸೆಟ್ಟು ಮೆಲ್ಲ ಮೆಲ್ಲ ನಡೆದಿತ್ತು, ಬಂಗಾರ ಓಡಿ ಹೋಗಿತ್ತು. ಮಜೂರಿ ಎಲ್ಲ ಸೇರಿಸಿ ನಮ್ಮ ದುಡ್ಡಿಗೆ ಒಂದೇ ಬಳೆ, ಅದೂ ಮೊದಲಿನದಕ್ಕಿಂತ ತೆಳ್ಳಗಿನದು. ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದರೂ ಅದು ಮರಿ ಹಾಕುತ್ತಿತ್ತು. ನನಗೆ ಅಳು ಬಂತು.

ಅತ್ತೆ ಅಳಲಿಲ್ಲ. ಅಂಗಡಿಯವರ ಎದುರೇ ಬೆರಳು ಮಡಿಸಿ ಲೆಕ್ಕ ಮಾಡಿದರು. "ಷೇರು ಒಂದಿದ್ದದ್ದು ಎರಡಾಯ್ತು. ಬಳೆ ಎರಡಿದ್ದದ್ದು ಒಂದಾಯ್ತು. ನಿಮ್ಮ ಆಫೀಸಿನವರಿಗೆ ಇದಕ್ಕೆ ಎಂತಾದರೂ ಹೆಸರು ಉಂಟಾ?"

ಮದುವೆ ಕಾರ್ಕಳದ ಒಂದು ಸಭಾಭವನದಲ್ಲಿ. ನಮ್ಮ ಉಪಾಯ ಹೀಗಿತ್ತು: ಬಲಗೈಗೆ ಹೊಸ ಬಂಗಾರದ ಬಳೆ, ಎಡಗೈಗೆ ಒನ್ ಗ್ರಾಮಿನದ್ದು. ಎಡಗೈಯನ್ನು ಸೆರಗಿನೊಳಗೆ ಇಡುವುದು. ಚಿಕ್ಕಮ್ಮ ಬಂದರೆ ಬಲಗೈ ಮಾತ್ರ ಕೊಡುವುದು. ಬಸ್ಸಿನಲ್ಲಿ ಎರಡು ಸಲ ಅಭ್ಯಾಸವನ್ನೂ ಮಾಡಿಸಿದ್ದೆ.

ಚಿಕ್ಕಮ್ಮ ಮದುಮಗಳ ಅಮ್ಮ, ಅವತ್ತು ನೂರು ಕೆಲಸ. ಆದರೂ ಅಕ್ಕನನ್ನು ಕಂಡದ್ದೇ ಎಲ್ಲ ಬಿಟ್ಟು ಬಂದರು. ಸೆರಗಿನೊಳಗಿನಿಂದ ಎಡಗೈಯನ್ನೂ ಎಳೆದು, ಎರಡೂ ಕೈ ಹಿಡಿದು, ಎರಡೂ ಬಳೆ ತಿರುಗಿಸಿದರು. ನಾಲ್ಕು ಹೆಜ್ಜೆ ಆಚೆ ನಮ್ಮವರು ಯಾರದೋ ಜೊತೆ ಮಾತಾಡುತ್ತಾ ನಿಂತಿದ್ದರು. ನಾನು ಅವರಿಗೆ ಕಾಣದ ಹಾಗೆ ಮಧ್ಯಕ್ಕೆ ಸರಿದು ನಿಂತೆ.

ಚಿಕ್ಕಮ್ಮನ ಮುಖ ಬದಲಾಯಿತು. ಅಕ್ಕನ ಬಲಗೈಯನ್ನು ಕಣ್ಣಿನ ಹತ್ತಿರ ತಂದು, "ಅಕ್ಕ, ಇದು ಎಂತ, ಒನ್ ಗ್ರಾಮಾ?" ಎಂದು ಪಿಸುಗುಟ್ಟಿದರು. "ಇಷ್ಟು ಫಳಫಳ ಹೊಳೆಯುವುದು ಬಂಗಾರ ಅಲ್ಲ ಮಾರಾಯ್ತಿ. ತೂಕವೂ ಇಲ್ಲ." ಆಮೇಲೆ ಎಡಗೈಯದ್ದನ್ನು ಸವರಿದರು. ಎರಡು ವರ್ಷ ಪಾತ್ರೆ ತೊಳೆದು, ಬಟ್ಟೆ ಒಗೆದು ಅದರ ಬಣ್ಣ ಮಾಸಿತ್ತು. ಒಳಗಿನ ಹಿತ್ತಾಳೆಗೆ ತೂಕ ಬೇಕಾದಷ್ಟಿತ್ತು. "ಇದು ನೋಡು, ಅಮ್ಮನ ಬಂಗಾರ. ಕೈಯಲ್ಲಿ ಹಿಡಿದರೇ ಗೊತ್ತಾಗ್ತದೆ."

ಅತ್ತೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು.

ಚಿಕ್ಕಮ್ಮ ನನ್ನನ್ನು ಬದಿಗೆ ಕರೆದರು. ಅವರ ಕಣ್ಣಲ್ಲಿ ನೀರಿತ್ತು. "ಪಾಪ, ಅಕ್ಕ ಒಂದು ಬಳೆ ಕಳೆದುಕೊಂಡಿದ್ದಾಳೆ. ಹೆದರಿ ಡೂಪ್ಲಿಕೇಟ್ ಹಾಕಿಕೊಂಡದ್ದು. ನಿನ್ನ ಗಂಡನಿಗೆ ಹೇಳಬೇಡ, ನಾನೂ ಯಾರಿಗೂ ಹೇಳುವುದಿಲ್ಲ. ಇನ್ನೊಂದನ್ನಾದರೂ ಜಾಗ್ರತೆ ಮಾಡು" ಎಂದರು. ಆಗಲಿ ಚಿಕ್ಕಮ್ಮ ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಹಿಂದೆ ಬರುವಾಗ ಬಸ್ಸಿನಲ್ಲಿ ನಮ್ಮವರು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಅತ್ತೆ ಬೆಳ್ಮಣ್ಣಿನವರೆಗೂ ಬಲಗೈಯ ಬಳೆಯನ್ನು ತಿರುಗಿಸುತ್ತಾ ಕೂತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಅವಳಿಗೆ ಅಸಲಿ ಅಂತ ಗೊತ್ತಿರುವುದು ಎಡಗೈಯದ್ದು. ಅದು ಹೇಗೂ ಉಂಟಲ್ಲ" ಎಂದರು. "ಹಾಗಾದರೆ ಇದನ್ನು ಇಟ್ಟುಕೊಂಡು ಎಂತ ಪ್ರಯೋಜನ? ನಾಳೆಯೇ ಮಾರುವ. ಬೋನಸ್ ಕೊಡುವ ಕಂಪೆನಿ ಬೇರೆ ಯಾವುದುಂಟು, ನೋಡು."